ತಲೆಗೆ ಬಂದದ್ದು ಪಾಗಿಗೆ ಹೋಗದಿದ್ದಾಗ

ದೊಡ್ಡ ಗಂಡಾಂತರವೊಂದು ಸಣ್ಣ ನಷ್ಟದಲ್ಲಿ ಮುಗಿದರೆ ‘ತಲೆಗೆ ಬಂದದ್ದು ಪಾಗಿಗೆ ಹೋಯಿತು’ ಎನ್ನುವುದು ನಮ್ಮ ಹಿರಿಯರ ಮಾತು. ಪಾಗು ಎಂದರೆ ಪೇಟ, ರುಮಾಲು. ಪೇಟ ಸುತ್ತಿದವರು ಈಗ ಕಾಣಸಿಗುವುದು ಮದುವೆ ಮನೆಯಲ್ಲಿ, ಸನ್ಮಾನದ ವೇದಿಕೆಯಲ್ಲಿ ಮಾತ್ರ. ತಲೆಗೆ ಬರುವ ಗಂಡಾಂತರಗಳು ಮಾತ್ರ ಹೆಚ್ಚುತ್ತಲೇ ಇವೆ.

ನಮ್ಮ ಹಾರೋಹಳ್ಳಿಯನ್ನು ಸೀಳಿಕೊಂಡು ಹೋಗುವ ಬೆಂಗಳೂರು–ಕನಕಪುರ ಹೆದ್ದಾರಿಯನ್ನೇ ನೋಡಿ. ಒಂದು ಕಾಲಕ್ಕೆ ಅದರ ಸಂಖ್ಯೆ 209 ಇತ್ತು, ಈಗ 948. ಸಂಜೆ ಕೈಗಾರಿಕಾ ಪ್ರದೇಶದ ಪಾಳಿ ಬಿಡುವ ಹೊತ್ತಿಗೆ ರಸ್ತೆಯ ತುಂಬ ದ್ವಿಚಕ್ರ ವಾಹನಗಳು. ಕೆಲವರ ಬಳಿ ಹೆಲ್ಮೆಟ್ ಇದ್ದರೂ ಅದು ತಲೆಯ ಬದಲು ಮೊಣಕೈಯಲ್ಲಿ ನೇತಾಡುತ್ತಿರುತ್ತದೆ. ಬೆಳಗಿನ ಜಾವ ರೇಷ್ಮೆಗೂಡಿನ ಮೂಟೆ ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟವರದು ಇನ್ನೊಂದು ಧಾವಂತ. ಇವರಲ್ಲದೆ ತೆಂಗಿನ ಮರದಿಂದ ಬೀಳುವವರು, ಕಟ್ಟಡದ ಸಾರುವೆಯಿಂದ ಜಾರುವವರು, ಬಚ್ಚಲಲ್ಲಿ ಕಾಲು ಜಾರುವ ವಯಸ್ಸಾದವರು ಬೇರೆ. ಇಂತಹ ಮನೆಯವರು ಒಮ್ಮೊಮ್ಮೆ ರಾತ್ರಿ ಹೊತ್ತಿನಲ್ಲಿ ಫೋನ್ ಮಾಡಿ ಕೇಳುವುದುಂಟು: “ಮೇಷ್ಟ್ರೇ, ತಲೇಲಿ ರಕ್ತ ನಿಂತದಂತೆ. ಆಪರೇಷನ್ ಮಾಡ್ಬೇಕು ಅಂತವ್ರೆ. ಮಾಡ್ಸುದ್ರೆ ಉಳ್ಕೋತಾನಾ?”

ನಾನು ವೈದ್ಯನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಆದರೆ ಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರು ಎಂದರೆ ಫ್ಯೂಸ್ ಹೋದದ್ದರಿಂದ ಹಿಡಿದು ಗ್ರಹಣದವರೆಗೆ ಎಲ್ಲದಕ್ಕೂ ಉತ್ತರ ಕೊಡಬೇಕಾದವನು ಎಂದೇ ಲೆಕ್ಕ. ಈ ಪ್ರಶ್ನೆಗೆ ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಉತ್ತರವಿಲ್ಲ. ಏಕೆಂದರೆ ‘ತಲೆಯಲ್ಲಿ ರಕ್ತ ನಿಂತಿದೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಒಂದರಲ್ಲಿ ಸಕಾಲಕ್ಕೆ ಶಸ್ತ್ರಚಿಕಿತ್ಸೆಯಾದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ಇನ್ನೊಂದರಲ್ಲಿ ಎಷ್ಟು ಚೆನ್ನಾಗಿ ಮಾಡಿದರೂ ಹಲವರನ್ನು ಕಳೆದುಕೊಳ್ಳಬೇಕಾಗುತ್ತದೆ. ಮೂರನೆಯದು ವಯಸ್ಸಾದವರದು, ನಿಧಾನದ್ದು, ಬಹುಮಟ್ಟಿಗೆ ಗುಣವಾಗುವಂಥದ್ದು. ಈ ಭೇದ ತಿಳಿದಿದ್ದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಕೈ ಸ್ವಲ್ಪ ಕಡಿಮೆ ನಡುಗೀತು.

<b>ತೆಂಗಿನಕಾಯಿಯ ಪಾಠ</b>

ತರಗತಿಯಲ್ಲಿ ಇದನ್ನು ವಿವರಿಸಲು ನಾನು ಬಳಸುವುದು ಒಂದು ಎಳೆ ತೆಂಗಿನಕಾಯಿಯನ್ನು. ಹೊರಗಿನ ಕರಟವೇ ತಲೆಬುರುಡೆ. ಕರಟಕ್ಕೆ ಅಂಟಿಕೊಂಡ ಕಂದು ಸಿಪ್ಪೆ ಮಿದುಳಿನ ಹೊರಪೊರೆ. ಅದರ ಹೆಸರು ಡ್ಯೂರಾ, ಗಟ್ಟಿ ಪೊರೆ ಎಂದು ಅರ್ಥ. ಅದರೊಳಗಿನ ಕೊಬ್ಬರಿಯೇ ಮಿದುಳು ಎಂದುಕೊಳ್ಳಿ. ನಿಜವಾದ ಮಿದುಳಿಗೆ ಡ್ಯೂರಾದ ಕೆಳಗೆ ಇನ್ನೂ ಎರಡು ನವಿರಾದ ಪೊರೆಗಳಿವೆ. ಅವುಗಳ ನಡುವೆ ತಿಳಿನೀರಿನಂಥ ಮಿದುಳುಬಳ್ಳಿಯ ದ್ರವ ಹರಿಯುತ್ತಿರುತ್ತದೆ.

ಕರಟ ಮಕ್ಕಳಾಡುವ ಬಲೂನಿನಂತೆ ಹಿಗ್ಗುವುದಿಲ್ಲ. ಪ್ರಾಣ ಹೋಗುವುದೂ ಉಳಿಯುವುದೂ ಈ ಒಂದು ಸಂಗತಿಯ ಮೇಲೆ ನಿಂತಿದೆ. ದೊಡ್ಡವರ ಬುರುಡೆಯೊಳಗೆ ಸುಮಾರು 1,300ರಿಂದ 1,400 ಗ್ರಾಂ ತೂಕದ ಮಿದುಳು, 150 ಮಿ.ಲೀ.ನಷ್ಟು ದ್ರವ, ಹೆಚ್ಚುಕಡಿಮೆ ಅಷ್ಟೇ ರಕ್ತ ಇರುತ್ತವೆ. ಇವು ಮೂರರಲ್ಲಿ ಒಂದು ಹೆಚ್ಚಿದರೆ ಉಳಿದವು ಜಾಗ ಬಿಟ್ಟುಕೊಡಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲೂ ಜಾರ್ಜ್ ಕೆಲ್ಲಿ 1824ರಲ್ಲೂ ಹೇಳಿದ ಈ ತತ್ವ ಇಂದಿಗೂ ನರಶಸ್ತ್ರಚಿಕಿತ್ಸೆಯ ಮೊದಲ ಪಾಠ.

ಬುರುಡೆಯೊಳಗೆ ರಕ್ತ ಸೋರತೊಡಗಿದಾಗ ಮೊದಲು ದ್ರವ ಬೆನ್ನುಹುರಿಯ ಕಡೆಗೆ ಸರಿಯುತ್ತದೆ, ರಕ್ತನಾಳಗಳಲ್ಲಿನ ರಕ್ತ ಹೊರಗೆ ಹೋಗುತ್ತದೆ. ಅಲ್ಲಿಯವರೆಗೆ ಗಾಯಾಳು ಮಾತಾಡುತ್ತಿರುತ್ತಾನೆ, ನಡೆಯುತ್ತಿರುತ್ತಾನೆ. ಆ ಅವಕಾಶ ಮುಗಿದ ಮೇಲೆ ಸೋರುವ ಒಂದೊಂದು ಮಿ.ಲೀ. ರಕ್ತಕ್ಕೂ ಒತ್ತಡ ಜಿಗಿಯುತ್ತದೆ. ಬಸ್ಸಿನಲ್ಲಿ ಕೊನೆಯ ಸೀಟು ಭರ್ತಿಯಾಗುವವರೆಗೆ ಯಾರಿಗೂ ತೊಂದರೆಯಿಲ್ಲ. ಆಮೇಲೆ ಹತ್ತುವ ಪ್ರತಿಯೊಬ್ಬನೂ ಎಲ್ಲರ ಉಸಿರು ಕಟ್ಟಿಸುತ್ತಾನೆ. ಕೊನೆಗೆ ಮಿದುಳು ತಾನೇ ಜಾಗ ಹುಡುಕಿಕೊಂಡು ಕೆಳಗೆ ಜಾರತೊಡಗುತ್ತದೆ. ಕಣ್ಣಿನ ಪಾಪೆಯನ್ನು ಕಿರಿದು ಮಾಡುವ ನರ ಆಗ ಅದುಮಿಹೋಗಿ ಒಂದು ಪಾಪೆ ಅಗಲವಾಗಿ ನಿಂತುಬಿಡುತ್ತದೆ. ವೈದ್ಯರು ಮತ್ತೆಮತ್ತೆ ಟಾರ್ಚ್ ಬಿಟ್ಟು ಕಣ್ಣು ನೋಡುವುದು ಇದಕ್ಕಾಗಿ. ಇನ್ನೂ ಕೆಳಗೆ ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡವಿದೆ. ಅಲ್ಲಿಗೆ ಒತ್ತಡ ಮುಟ್ಟಿದರೆ ಉಳಿಗಾಲ ಕಷ್ಟ.

<b>ಮಸೂರದ ಆಕಾರದ ರಕ್ತ</b>

ಮೊದಲ ಬಗೆ ಕರಟಕ್ಕೂ ಕಂದು ಸಿಪ್ಪೆಗೂ ನಡುವಿನ ರಕ್ತಸ್ರಾವ. ವೈದ್ಯರು ಇದನ್ನು ಎಕ್ಸ್‌ಟ್ರಾಡ್ಯೂರಲ್ ಎನ್ನುತ್ತಾರೆ. ಕಿವಿಗೂ ಹುಬ್ಬಿನ ತುದಿಗೂ ನಡುವೆ ಬುರುಡೆಯ ಮೂಳೆ ತೆಳ್ಳಗಿರುತ್ತದೆ. ಅದರ ಒಳಮೈಯ ಗೀರಿನಲ್ಲಿ ಒಂದು ಅಪಧಮನಿ ಹಾದುಹೋಗುತ್ತದೆ. ಮೂಳೆ ಬಿರುಕು ಬಿಟ್ಟರೆ ಅದು ಹರಿದು ರಕ್ತ ಚಿಮ್ಮುತ್ತದೆ. ಡ್ಯೂರಾ ಮೂಳೆಯ ಹೊಲಿಗೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ರಕ್ತ ಹರಡಲಾಗದೆ ಒಂದೇ ಕಡೆ ಉಬ್ಬಿ ನಿಲ್ಲುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಅದು ನಮ್ಮ ಪ್ರಯೋಗಾಲಯದ ಪೀನ ಮಸೂರದಂತೆಯೇ ಕಾಣುತ್ತದೆ.

ಇದರ ಮೋಸವೆಂದರೆ ನಡುವಿನ ನೆಮ್ಮದಿ. ಬಿದ್ದವನು ಕ್ಷಣಕಾಲ ಪ್ರಜ್ಞೆ ತಪ್ಪಿ, ಎದ್ದು, ಮೈಕೊಡವಿಕೊಂಡು ‘ನನಗೇನೂ ಆಗಿಲ್ಲ’ ಎನ್ನುತ್ತಾನೆ. ಟೀ ಕುಡಿಯುತ್ತಾನೆ, ಮನೆಗೂ ಹೋಗುತ್ತಾನೆ. ಒಂದೆರಡು ಗಂಟೆಯ ಮೇಲೆ ತಲೆನೋವು, ವಾಂತಿ, ತೂಕಡಿಕೆ. ‘ಸುಸ್ತಾಗಿದೆ, ಮಲಗಲಿ ಬಿಡಿ’ ಎಂದು ಮನೆಯವರು ದೀಪ ಆರಿಸುತ್ತಾರೆ. 2009ರ ಮಾರ್ಚಿನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಹಿಮದ ಮೇಲೆ ಜಾರುವ ಆಟ ಕಲಿಯುತ್ತಿದ್ದಾಗ ಬಿದ್ದರು. ನಗುನಗುತ್ತಲೇ ಎದ್ದು, ಬಂದ ಆಂಬುಲೆನ್ಸನ್ನು ಹಿಂದಕ್ಕೆ ಕಳಿಸಲಾಯಿತು. ಎರಡು ದಿನದಲ್ಲಿ ಅವರು ತೀರಿಕೊಂಡರು. ಹಣವಾಗಲಿ ಹೆಸರಾಗಲಿ ಈ ರಕ್ತಸ್ರಾವದ ಮುಂದೆ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವುದು ಗಡಿಯಾರ ಮಾತ್ರ.

ಸಕಾಲಕ್ಕೆ ಮುಟ್ಟಿಸಿದರೆ ಶಸ್ತ್ರಚಿಕಿತ್ಸೆ ಅತ್ಯುತ್ತಮ ಫಲ ಕೊಡುವುದೂ ಇಲ್ಲಿಯೇ. ಮೂಳೆಯ ಒಂದು ತುಂಡನ್ನು ತೆಗೆದು, ರಕ್ತದ ಗರಣೆಯನ್ನು ಬಳಿದು, ಸೋರುವ ನಾಳವನ್ನು ಮುಚ್ಚಿ, ಮೂಳೆಯನ್ನು ಮತ್ತೆ ಕೂರಿಸುತ್ತಾರೆ. ಅಡಿಯಲ್ಲಿರುವ ಮಿದುಳು ಅನೇಕ ವೇಳೆ ಗಾಯವಿಲ್ಲದೆ ಇರುತ್ತದೆ. ಅದರ ಮೇಲಿನ ಭಾರ ಇಳಿಸಿದರೆ ಸಾಕು. ಇಟಲಿಯ ಬ್ರಿಕೊಲೊ ಮತ್ತು ಪಾಸುಟ್ 1984ರಲ್ಲಿ 107 ರೋಗಿಗಳ ವಿವರ ಪ್ರಕಟಿಸಿದಾಗ ಸತ್ತವರು ಶೇ. 5 ಮಾತ್ರ. ಆ ಲೇಖನದ ಶೀರ್ಷಿಕೆಯಲ್ಲೇ ‘ಶೂನ್ಯ ಮರಣದ ಕಡೆಗೆ’ ಎಂಬ ಮಾತಿತ್ತು. ಪ್ರಜ್ಞೆ ತಪ್ಪುವ ಮುನ್ನವೇ ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವು ತೀರ ಅಪರೂಪ. ಎಷ್ಟು ರಕ್ತ ನಿಂತರೆ ಕತ್ತರಿ ಹಿಡಿಯಬೇಕು ಎಂಬುದಕ್ಕೂ ಒಂದು ಅಳತೆಯಿದೆ. 2006ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 30 ಘನ ಸೆಂ.ಮೀ. ದಾಟಿದರೆ ರೋಗಿ ಎಚ್ಚರವಾಗಿದ್ದರೂ ಶಸ್ತ್ರಚಿಕಿತ್ಸೆ ಮಾಡಬೇಕು. ಹೋಟೆಲಿನ ಬೈಟು ಕಾಫಿಯ ಲೋಟದಲ್ಲಿ ಅರ್ಧದಷ್ಟು ರಕ್ತ, ಅಷ್ಟೇ!

<b>ಬಿದಿಗೆ ಚಂದ್ರನಂಥ ರಕ್ತ</b>

ಎರಡನೆಯ ಬಗೆ ಕಂದು ಸಿಪ್ಪೆಯ ಕೆಳಗೆ, ಮಿದುಳಿನ ಮೈಮೇಲೆಯೇ ಆಗುವ ರಕ್ತಸ್ರಾವ. ಇದು ಸಬ್‌ಡ್ಯೂರಲ್. ಇಲ್ಲಿ ಹರಡಲು ತಡೆಯಿಲ್ಲ. ಹೀಗಾಗಿ ರಕ್ತ ಮಿದುಳಿನ ಅರ್ಧವನ್ನೇ ತಬ್ಬಿಕೊಂಡು ಸ್ಕ್ಯಾನಿನಲ್ಲಿ ಬಿದಿಗೆ ಚಂದ್ರನಂತೆ ಬಾಗಿ ಕಾಣುತ್ತದೆ. ಮಿದುಳಿನಿಂದ ಡ್ಯೂರಾಕ್ಕೆ ಸೇತುವೆಯಂತೆ ದಾಟುವ ಸಣ್ಣ ಸಿರೆಗಳು ತಲೆ ಕುಲುಕಿದ ರಭಸಕ್ಕೆ ಹರಿದುಹೋಗಿರುತ್ತವೆ, ಇಲ್ಲವೇ ಮಿದುಳೇ ಜಜ್ಜಿ ರಕ್ತ ಒಸರುತ್ತಿರುತ್ತದೆ.

ಮೊದಲನೆಯದಕ್ಕೂ ಇದಕ್ಕೂ ಇರುವ ಅಂತರ ಇದೇ. ಅಲ್ಲಿ ಕಾಯಿಲೆ ರಕ್ತದ್ದು. ಇಲ್ಲಿ ರಕ್ತದ್ದೂ ಹೌದು, ಮಿದುಳಿನದ್ದೂ ಹೌದು. ಗರಣೆಯನ್ನು ತೆಗೆಯಬಹುದು, ಜಜ್ಜಿದ ಮಿದುಳನ್ನು ಕತ್ತರಿಯಿಂದ ಸರಿಮಾಡಲು ಬರುವುದಿಲ್ಲ. ಅದು ಮುಂದಿನ ಎರಡು ಮೂರು ದಿನ ಊದಿಕೊಳ್ಳುತ್ತದೆ. ಆದುದರಿಂದಲೇ ‘ಆಪರೇಷನ್ ಸಕ್ಸಸ್ ಅಂದ್ರು, ಮೂರನೇ ದಿನ ಹೋಗ್ಬಿಟ್ರು’ ಎಂಬ ಮಾತನ್ನು ಕೇಳುತ್ತೇವೆ. ಅದರಲ್ಲಿ ಮೋಸವಿರಬೇಕೆಂದೇನೂ ಇಲ್ಲ. ಬೆಂಕಿ ಆರಿಸಿದರೂ ಮನೆಯ ತೊಲೆಗಳು ಮೊದಲೇ ಸುಟ್ಟಿದ್ದರೆ ಸೂರು ಆಮೇಲೆ ಕುಸಿಯಬಹುದು.

1981ರಲ್ಲಿ ಅಮೆರಿಕದ ರಿಚ್ಮಂಡಿನಲ್ಲಿ ಸೀಲಿಗ್ ಮತ್ತು ಸಂಗಡಿಗರು ಪ್ರಜ್ಞೆ ತಪ್ಪಿದ್ದ 82 ರೋಗಿಗಳ ಲೆಕ್ಕ ಪ್ರಕಟಿಸಿದರು. ಗಾಯವಾದ ನಾಲ್ಕು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಸತ್ತವರು ಶೇ. 30, ನಾಲ್ಕು ಗಂಟೆ ಮೀರಿದವರಲ್ಲಿ ಶೇ. 90. ಈ ಸಂಖ್ಯೆಗಳು ಜಗತ್ತಿನ ತುರ್ತು ಚಿಕಿತ್ಸಾ ಘಟಕಗಳನ್ನೇ ಎಬ್ಬಿಸಿ ಕೂರಿಸಿದವು. ಹತ್ತು ವರ್ಷದ ಮೇಲೆ, 1991ರಲ್ಲಿ, ವಿಲ್ಬರ್ಗರ್ ತಂಡ ಇಂಥದೇ 101 ರೋಗಿಗಳನ್ನು ನೋಡಿತು. ಅಲ್ಲಿ ಸತ್ತವರು ಶೇ. 66, ಕೆಲಸಕ್ಕೆ ಬರುವಷ್ಟು ಚೇತರಿಸಿಕೊಂಡವರು ಶೇ. 19. ಗಡಿಯಾರಕ್ಕಿಂತ ಮಿದುಳಿಗೆ ಆದ ಮೂಲ ಪೆಟ್ಟು, ಆಮೇಲಿನ ಒತ್ತಡದ ಹತೋಟಿ ಇವೇ ಹೆಚ್ಚು ಮುಖ್ಯವೆಂದು ಆ ತಂಡಕ್ಕೆ ಕಂಡಿತು.

ಹಾಗಾದರೆ ಯಾರನ್ನು ನಂಬುವುದು? ಇಬ್ಬರನ್ನೂ ನಂಬಬೇಕು. ಪೆಟ್ಟಿನ ಬಲ ನಮ್ಮ ಕೈಯಲ್ಲಿಲ್ಲ, ಅದು ರಸ್ತೆಯಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ. ರೋಗಿಯ ವಯಸ್ಸೂ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಉಳಿದಿರುವುದು ಸಮಯ ಒಂದೇ. ಅದರ ಪಾಲು ಎಷ್ಟೇ ಆಗಿರಲಿ, ಅದನ್ನು ಕಳೆಯಬಾರದು.

ಇಲ್ಲಿ ಒಂದು ವಿಷಯ ಹೇಳಬೇಕು. ಸ್ಕ್ಯಾನಿನಲ್ಲಿ ರಕ್ತ ಕಂಡ ಮಾತ್ರಕ್ಕೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಗರಣೆಯ ದಪ್ಪ 10 ಮಿ.ಮೀ.ಗಿಂತ ಹೆಚ್ಚಿದ್ದರೆ, ಅಥವಾ ಮಿದುಳಿನ ನಡುಗೆರೆ 5 ಮಿ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಸರಿದಿದ್ದರೆ ಬೇಕು. ಕಡಿಮೆಯಿದ್ದು ರೋಗಿ ಎಚ್ಚರವಾಗಿದ್ದರೆ ಕಾದು ನೋಡಿ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ‘ಈಗ ಆಪರೇಷನ್ ಬೇಡ’ ಎಂದರೆ ಕೈಬಿಟ್ಟರು ಎಂದರ್ಥವಲ್ಲ. ಅಂಥ ರೋಗಿಯನ್ನು ಜಗಳ ಮಾಡಿ ಡಿಸ್ಚಾರ್ಜ್ ಮಾಡಿಸಿಕೊಂಡು ಮನೆಗೆ ತರುವುದು ಮಾತ್ರ ಅಪಾಯ.

ತರಗತಿಯಲ್ಲಿ ಒಮ್ಮೆ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಹೃದಯಾಘಾತಕ್ಕೆ ಗರಣೆ ಕರಗಿಸೋ ಇಂಜೆಕ್ಷನ್ ಕೊಡ್ತಾರಲ್ಲ, ಇದಕ್ಕೂ ಅದನ್ನೇ ಕೊಟ್ರೆ ಆಗಲ್ವಾ?” ಒಳ್ಳೆಯ ಪ್ರಶ್ನೆ. ಆದರೆ ಇಲ್ಲಿ ನಾಳ ಒಡೆದಿದೆ. ಗರಣೆ ಕರಗಿಸಹೊರಟರೆ ಸೋರಿಕೆ ಇನ್ನೂ ಹೆಚ್ಚುತ್ತದೆ. ಪ್ರಯೋಜನಕ್ಕೆ ಬಂದದ್ದು ಅದಕ್ಕೆ ವಿರುದ್ಧವಾದ ಔಷಧ. ರಕ್ತದ ಹೆಪ್ಪನ್ನು ಕರಗದಂತೆ ಹಿಡಿದಿಡುವ ಟ್ರಾನೆಕ್ಸಾಮಿಕ್ ಆಮ್ಲವನ್ನು 29 ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಅಲ್ಪ ಮತ್ತು ಮಧ್ಯಮ ಪ್ರಮಾಣದ ಪೆಟ್ಟಾದವರಲ್ಲಿ ಸಾವು ಕಡಿಮೆಯಾಗುತ್ತದೆ; ತೀವ್ರ ಪೆಟ್ಟಾದವರಲ್ಲಿ ಅಂಥ ಲಾಭ ಕಾಣಲಿಲ್ಲ. ಇಲ್ಲಿಯೂ ಮತ್ತೆ ಗಡಿಯಾರವೇ!

<b>ಮೂಳೆ ಇಡಬೇಕೆ, ಬಿಡಬೇಕೆ?</b>

ಶಸ್ತ್ರಚಿಕಿತ್ಸೆಯಲ್ಲಿ ಎರಡು ದಾರಿಗಳಿವೆ. ಗರಣೆ ತೆಗೆದ ಮೇಲೆ ಬುರುಡೆಯ ತುಂಡನ್ನು ಮತ್ತೆ ಕೂರಿಸಿ ಹೊಲಿಯುವುದು ಒಂದು. ಮಿದುಳು ಊದಿಕೊಂಡೀತೆಂದು ಮೂಳೆಯನ್ನು ಹೊರಗೇ ಇಟ್ಟು ಚರ್ಮವನ್ನಷ್ಟೇ ಹೊಲಿಯುವುದು ಇನ್ನೊಂದು. ಹೊರಗಿಟ್ಟ ಮೂಳೆಯನ್ನು ಶೀತಪೆಟ್ಟಿಗೆಯಲ್ಲೋ ರೋಗಿಯ ಹೊಟ್ಟೆಯ ಚರ್ಮದಡಿಯಲ್ಲೋ ಕಾಪಾಡಿ, ತಿಂಗಳುಗಳ ನಂತರ ಮತ್ತೆ ಜೋಡಿಸುತ್ತಾರೆ. ಅರ್ಧ ತಲೆ ತಗ್ಗಾಗಿರುವ ಯುವಕರನ್ನು ನೀವೂ ನೋಡಿರಬಹುದು. ಅದು ಅವರ ಪ್ರಾಣ ಉಳಿಸಲು ತೆರೆದ ಬಾಗಿಲು.

ಈ ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ದಶಕಗಳಿಂದ ಇತ್ತು. ಅದನ್ನು ಬಿಡಿಸಲು ನಡೆದ ರೆಸ್ಕ್ಯೂ–ಎಎಸ್‌ಡಿಎಚ್ ಎಂಬ ಪರೀಕ್ಷೆ 11 ದೇಶಗಳಲ್ಲಿ ನಡೆಯಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹಾರೋಹಳ್ಳಿಯಿಂದ ಗಾಯಾಳುಗಳನ್ನು ಕರೆದೊಯ್ಯುವ ನಮ್ಮ ನಿಮ್ಹಾನ್ಸ್ ಕೂಡ ಅದರಲ್ಲಿ ಭಾಗಿಯಾಗಿತ್ತು ಎಂಬುದು ಹೆಮ್ಮೆಯ ವಿಷಯ. ಅಲ್ಲಿನ ನರಶಸ್ತ್ರಚಿಕಿತ್ಸಕಿ ಡಾ. ಬಿ. ಇಂದಿರಾದೇವಿ ಅವರ ಹೆಸರು ಆ ಪ್ರಬಂಧದ ಲೇಖಕರ ಸಾಲಿನಲ್ಲಿದೆ. ನಿಮ್ಹಾನ್ಸ್ ಹುಟ್ಟಿದ್ದು 1974ರಲ್ಲಿ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾದಾಗ. ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮಾ ಸ್ವತಃ ನರಶಸ್ತ್ರಚಿಕಿತ್ಸಕರು. ‘ನಿಮ್ಹಾನ್ಸ್ ಎಂದರೆ ಹುಚ್ಚಾಸ್ಪತ್ರೆ’ ಎಂದು ಇಂದಿಗೂ ಹಿಂಜರಿಯುವವರು ಇದನ್ನು ತಿಳಿಯಬೇಕು.

ಆ ಪರೀಕ್ಷೆಯಲ್ಲಿ 228 ಜನರಿಗೆ ಮೂಳೆಯನ್ನು ಮತ್ತೆ ಕೂರಿಸುವ, 222 ಜನರಿಗೆ ಹೊರಗಿಡುವ ಶಸ್ತ್ರಚಿಕಿತ್ಸೆಯನ್ನು ಚೀಟಿ ಎತ್ತಿದಂತೆ ನಿಗದಿ ಮಾಡಲಾಯಿತು. ಒಂದು ವರ್ಷದ ಮೇಲೆ ನೋಡಿದರೆ ಸತ್ತವರು ಮೊದಲ ಗುಂಪಿನಲ್ಲಿ ಶೇ. 30.2, ಎರಡನೆಯದರಲ್ಲಿ ಶೇ. 32.2. ಚೆನ್ನಾಗಿ ಚೇತರಿಸಿಕೊಂಡವರು ಕ್ರಮವಾಗಿ ಶೇ. 25.6 ಮತ್ತು ಶೇ. 19.9. ಒಟ್ಟಾರೆ ಫಲದಲ್ಲಿ ಎಣಿಸಬೇಕಾದಷ್ಟು ವ್ಯತ್ಯಾಸವಿಲ್ಲ ಎಂಬುದೇ ತೀರ್ಮಾನ. ಮೂಳೆ ಕೂರಿಸಿದವರಲ್ಲಿ ಎರಡು ವಾರದೊಳಗೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾದವರು ಹೆಚ್ಚು. ಹೊರಗಿಟ್ಟವರಲ್ಲಿ ಗಾಯದ ತೊಂದರೆಗಳು ಹೆಚ್ಚು. ಆದ್ದರಿಂದ, ಮಿದುಳು ಊದಿರದೆ ಮೂಳೆ ಸಲೀಸಾಗಿ ಕೂರುವಂತಿದ್ದರೆ ಕೂರಿಸಿಬಿಡುವುದು ಒಳ್ಳೆಯದು. ಊದಿ ಉಬ್ಬಿದ್ದರೆ ಹೊರಗಿಡದೆ ಗತಿಯಿಲ್ಲ. ‘ಪಕ್ಕದ ಬೆಡ್ಡಿನವರಿಗೆ ಮೂಳೆ ತೆಗೆದಿದ್ದಾರೆ, ನಮ್ಮವರಿಗೇಕೆ ತೆಗೆದಿಲ್ಲ?’ ಎಂದು ವೈದ್ಯರ ಮೇಲೆ ಏರಿಹೋಗುವ ಮುನ್ನ ಇದು ನೆನಪಿರಲಿ.

ಒಂದು ಮಾತು ಗಮನಿಸಿ. ಒಳ್ಳೆಯ ಆಸ್ಪತ್ರೆಗಳಲ್ಲಿ, ಒಳ್ಳೆಯ ಕೈಗಳಲ್ಲಿ ಕೂಡ ಹತ್ತರಲ್ಲಿ ಮೂವರು ಉಳಿಯಲಿಲ್ಲ. ಇದು ಯಾರ ತಪ್ಪೂ ಅಲ್ಲ, ಆ ಪೆಟ್ಟಿನ ಸ್ವಭಾವ.

<b>ಉಳಿಯುವುದು, ಮರಳುವುದು</b>

‘ಉಳ್ಕೋತಾನಾ?’ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರಬೇಕು: ‘ಉಳಿದರೆ ಹೇಗಿರುತ್ತಾನೆ?’ ಗ್ಲಾಸ್ಗೋ ನಗರದ ಟೀಸ್ಡೇಲ್ ಮತ್ತು ಜೆನೆಟ್ 1974ರಲ್ಲಿ ಪ್ರಜ್ಞೆಯನ್ನು ಅಳೆಯುವ ಅಂಕಪಟ್ಟಿಯೊಂದನ್ನು ಕೊಟ್ಟರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೂ ಇಲ್ಲದವನಿಗೂ 3 ಅಂಕ! ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಪೆಟ್ಟು. ಮರುವರ್ಷ ಜೆನೆಟ್ ಮತ್ತು ಬಾಂಡ್ ಫಲಿತಾಂಶಕ್ಕೂ ಐದು ಮೆಟ್ಟಿಲು ಹಾಕಿಕೊಟ್ಟರು: ಸಾವು, ಕಣ್ಣು ತೆರೆದಿದ್ದರೂ ಅರಿವಿಲ್ಲದ ಸ್ಥಿತಿ, ಇನ್ನೊಬ್ಬರನ್ನು ಅವಲಂಬಿಸಿದ ಬದುಕು, ಅಂಗವೈಕಲ್ಯವಿದ್ದರೂ ಸ್ವತಂತ್ರ ಬದುಕು, ಒಳ್ಳೆಯ ಚೇತರಿಕೆ.

ಶಸ್ತ್ರಚಿಕಿತ್ಸೆ ಸಾವಿನಿಂದ ಮೇಲೆತ್ತಿದವರನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸುತ್ತದೆ ಎಂಬುದೇ ಕಠಿಣ ಸತ್ಯ. ಬೇರೆ ಚಿಕಿತ್ಸೆಗೆ ಬಗ್ಗದ ಒತ್ತಡಕ್ಕೆ ಕೊನೆಯ ಉಪಾಯವಾಗಿ ಬುರುಡೆಯ ಮೂಳೆ ತೆಗೆದು ನೋಡಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಆರು ತಿಂಗಳಲ್ಲಿ ಸಾವು ಶೇ. 48.9ರಿಂದ ಶೇ. 26.9ಕ್ಕೆ ಇಳಿದಿತ್ತು. ಆದರೆ ಅರಿವಿಲ್ಲದ ಸ್ಥಿತಿಯಲ್ಲಿ ಉಳಿದವರು ಶೇ. 2.1ರಿಂದ ಶೇ. 8.5ಕ್ಕೆ ಏರಿದ್ದರು. ಇದನ್ನು ಓದಿ ‘ಹಾಗಾದರೆ ಬೇಡ’ ಎನ್ನುವುದೂ ತಪ್ಪು, ‘ಏನಾದರಾಗಲಿ ಮಾಡಿ’ ಎಂದು ಕಣ್ಣುಮುಚ್ಚಿ ಹೊಲ ಮಾರುವುದೂ ತಪ್ಪು. ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಿ: ರಕ್ತ ಪೊರೆಯ ಮೇಲಿದೆಯೋ ಕೆಳಗಿದೆಯೋ? ಈಗ ಅಂಕ ಎಷ್ಟು? ಎರಡೂ ಪಾಪೆಗಳು ಬೆಳಕಿಗೆ ಕುಗ್ಗುತ್ತಿವೆಯೇ? ಮಿದುಳಿಗೇ ಎಷ್ಟು ಪೆಟ್ಟಾಗಿದೆ? ಈ ನಾಲ್ಕು ಉತ್ತರಗಳ ಜೊತೆ ರೋಗಿಯ ವಯಸ್ಸನ್ನೂ ಸೇರಿಸಿದರೆ ಮುಂದಿನದು ಒಂದಿಷ್ಟು ಅಂದಾಜಿಗೆ ಸಿಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಇಂಥ ಶಸ್ತ್ರಚಿಕಿತ್ಸೆಯಾಗಿ ಉಳಿದ. ಕೈಕಾಲು ಸರಿಯಾಗಿವೆ, ಅಂಗಡಿಯಲ್ಲಿ ಕೂರುತ್ತಾನೆ. “ದೇವ್ರು ದೊಡ್ಡೋನು ಮೇಷ್ಟ್ರೇ, ಆದ್ರೆ ಕ್ವಾಪ ಜಾಸ್ತಿ ಆಗದೆ, ಲೆಕ್ಕ ಮರ್ತುಬುಟ್ಟವ್ನೆ” ಎಂದು ಅವನ ತಾಯಿ ಹೇಳುತ್ತಾರೆ. ಅದು ಸೊಕ್ಕಲ್ಲ, ಸೋಮಾರಿತನವೂ ಅಲ್ಲ, ಗಾಯದ ಉಳಿಕೆ. ಮಾತು, ನೆನಪು, ನಡಿಗೆಗಳಿಗೆ ಮರುತರಬೇತಿ ಕೊಡುವ ಪುನಶ್ಚೇತನ ವಿಭಾಗ ನಿಮ್ಹಾನ್ಸ್‌ನಲ್ಲಿದೆ. ಹೊಲಿಗೆ ಬಿಚ್ಚಿದ ದಿನಕ್ಕೆ ಚಿಕಿತ್ಸೆ ಮುಗಿಯಿತು ಎಂದುಕೊಂಡು ಆ ಬಾಗಿಲು ತಟ್ಟದವರೇ ಹೆಚ್ಚು.

<b>ಅಜ್ಜಿಯ ಮರೆವು</b>

ಮೂರನೆಯ ಬಗೆ ನಿಧಾನದ ಸಬ್‌ಡ್ಯೂರಲ್. ವಯಸ್ಸಾದಂತೆ ಮಿದುಳು ಒಣಗಿದ ಕೊಬ್ಬರಿಯಂತೆ ಸ್ವಲ್ಪ ಕುಗ್ಗಿ ಪೊರೆಯಿಂದ ದೂರ ಸರಿಯುತ್ತದೆ. ಸೇತುವೆಯ ಸಿರೆಗಳು ಬಿಗಿಯಾಗುತ್ತವೆ. ಬಾಗಿಲ ಮೇಲ್ಪಟ್ಟಿಗೆ ತಲೆ ತಾಕಿದ ಸಣ್ಣ ಪೆಟ್ಟೂ ಸಾಕು. ರಕ್ತ ತೊಟ್ಟು ತೊಟ್ಟಾಗಿ ಸೇರಿ ವಾರಗಳ ಮೇಲೆ ತೊಂದರೆ ಕೊಡುತ್ತದೆ. ಆ ವೇಳೆಗೆ ಬಿದ್ದದ್ದೇ ಮರೆತುಹೋಗಿರುತ್ತದೆ. ನಮ್ಮ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ಒಂದು ಕಾಲನ್ನು ಎಳೆದು ನಡೆಯತೊಡಗಿದರು. ಮುದ್ದೆ ತಟ್ಟೆಯ ಹೊರಗೆ ಬೀಳುತ್ತಿತ್ತು, ಮೊಮ್ಮಕ್ಕಳ ಹೆಸರು ಅದಲುಬದಲು. ಕೆಲವರು ‘ವಯಸ್ಸಾಯಿತು’ ಎಂದರು, ಕೆಲವರು ‘ಗಾಳಿ ಸೋಕಿದೆ’ ಎಂದರು. ಸ್ಕ್ಯಾನ್ ಮಾಡಿಸಿದಾಗ ರಕ್ತ ಕಂಡಿತು. ಬುರುಡೆಗೆ ಎರಡು ಸಣ್ಣ ರಂಧ್ರ ಕೊರೆದು ಅದನ್ನು ತೆಗೆದರು. ಎರಡು ವಾರದಲ್ಲಿ ಅಜ್ಜಿ ಸೊಸೆಯ ಸಾರಿಗೆ ಉಪ್ಪು ಸಾಲದು ಎನ್ನುವಷ್ಟು ಗುಣವಾದರು.

ರಂಧ್ರ ಸಾಕಾಗುವುದು ಏಕೆಂದರೆ ಹೊಸ ಗರಣೆ ಗಟ್ಟಿ ಮೊಸರಿನಂತೆ, ಸಣ್ಣ ತೂತಿನಲ್ಲಿ ಬರುವುದಿಲ್ಲ. ಹಳೆಯದು ಕರಗಿ ಬದಲಾಯಿಸಿದ ಇಂಜಿನ್ ಆಯಿಲಿನಂತೆ ಕಪ್ಪಾಗಿ ಹರಿಯುತ್ತದೆ. ಕೊರೆದ ಮೇಲೆ ಒಂದೆರಡು ದಿನ ಸಣ್ಣ ಕೊಳವೆ ಇಟ್ಟು ಬಸಿಯುವುದು ಎಷ್ಟು ಮುಖ್ಯ ಎಂಬುದನ್ನು ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರು 2009ರಲ್ಲಿ ತೋರಿಸಿದರು. ಕೊಳವೆ ಇಟ್ಟವರಲ್ಲಿ ಮತ್ತೆ ರಕ್ತ ನಿಂತದ್ದು ಶೇ. 9.3, ಇಡದವರಲ್ಲಿ ಶೇ. 24. ಆರು ತಿಂಗಳ ಸಾವು ಶೇ. 18.1ರಿಂದ ಶೇ. 8.6ಕ್ಕೆ ಇಳಿಯಿತು. ಒಂದು ರಬ್ಬರ್ ಕೊಳವೆಯ ಮಹಿಮೆ! ಹಾಗೆಯೇ, ಒಳ್ಳೆಯದೆಂದು ಬಳಸುತ್ತಿದ್ದ ಸ್ಟೀರಾಯ್ಡ್ ಮಾತ್ರೆ ಲಾಭಕ್ಕಿಂತ ನಷ್ಟವನ್ನೇ ಮಾಡುತ್ತದೆಂದು 2020ರ ಪರೀಕ್ಷೆಯೊಂದು ತಿಳಿಸಿತು. ಮನೆಯ ಹಿರಿಯರಲ್ಲಿ ಮರೆವು, ನಡಿಗೆಯ ತೊಡರು ಕೆಲವೇ ವಾರಗಳಲ್ಲಿ ಹೆಚ್ಚಿದರೆ ಒಮ್ಮೆ ಸ್ಕ್ಯಾನ್ ಮಾಡಿಸಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲು ಹೇಳಿ.

<b>ಹಾರೋಹಳ್ಳಿಯ ಲೆಕ್ಕ</b>

ಈಗ ಒಂದು ಮನೆಲೆಕ್ಕ ಮಾಡೋಣ. ಇದು ಅಂದಾಜಿನ ಲೆಕ್ಕ. ಸಂಜೆ 7ಕ್ಕೆ ಒಬ್ಬ ಬಿದ್ದ ಎನ್ನಿ. ಸುತ್ತ ನಿಂತು ನೋಡುವುದರಲ್ಲಿ 30 ನಿಮಿಷ. ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿಸುವುದರಲ್ಲಿ 45. ಗಾಡಿ ಹೊಂದಿಸಲು 30. ಕಗ್ಗಲೀಪುರ, ತಲಘಟ್ಟಪುರ, ಬನಶಂಕರಿಯ ವಾಹನ ದಟ್ಟಣೆ ದಾಟಿ ಹೊಸೂರು ರಸ್ತೆಗೆ ಸೇರಲು 90. ಸ್ಕ್ಯಾನಿಗೆ 30, ಶಸ್ತ್ರಚಿಕಿತ್ಸೆಯ ಸಿದ್ಧತೆಗೆ 45. ಒಟ್ಟು 270 ನಿಮಿಷ, ನಾಲ್ಕೂವರೆ ಗಂಟೆ. ಸೀಲಿಗ್ ಹಾಕಿದ ಗೆರೆಯನ್ನು ದಾಟಿಬಿಟ್ಟೆವು. ಇದರಲ್ಲಿ ದಾರಿ, ಸ್ಕ್ಯಾನ್, ಸಿದ್ಧತೆಗಳ 165 ನಿಮಿಷವನ್ನು ನಾವು ಕಡಿಮೆ ಮಾಡಲಾರೆವು. ಮೊದಲ 105 ನಿಮಿಷ ಮಾತ್ರ ಊರಿನವರ ಕೈಯಲ್ಲಿದೆ. ಅದನ್ನು ಅರ್ಧಕ್ಕೆ ಇಳಿಸಿದರೂ ಗೆರೆಯ ಈಚೆಗೆ ಬರುತ್ತೇವೆ.

ಇಳಿಸುವುದು ಹೇಗೆ? 108ಕ್ಕೆ ಕೂಡಲೇ ಫೋನ್ ಮಾಡಿ. ನಮ್ಮ ರಾಜ್ಯದಲ್ಲಿ ಈ ಸೇವೆ 2008ರಿಂದ ಇದೆ. ಸಿ.ಟಿ. ಸ್ಕ್ಯಾನ್ ಯಂತ್ರವೂ ನರಶಸ್ತ್ರಚಿಕಿತ್ಸಕರೂ ಇರುವ ಆಸ್ಪತ್ರೆಗೇ ಒಯ್ಯಲು ಕೇಳಿ. ಉಸಿರಾಟಕ್ಕೆ ತೊಂದರೆಯಿದ್ದರೆ ಅಥವಾ ರಕ್ತ ಸುರಿಯುತ್ತಿದ್ದರೆ ಮಾತ್ರ ದಾರಿಯಲ್ಲಿ ನಿಲ್ಲಿಸಬೇಕು. ಬಾಯಿಗೆ ನೀರು ಹಾಕಬೇಡಿ. ಅರಿವಿಲ್ಲದವನ ಶ್ವಾಸಕೋಶಕ್ಕೆ ಅದು ಇಳಿಯುತ್ತದೆ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಕುತ್ತಿಗೆ ಹಿಡಿದು ಕೂರಿಸುವುದು ಬೇಡ. ‘ಕುಡಿದಿದ್ದಾನೆ, ನಿದ್ದೆ ಮಾಡಲಿ’ ಎಂದು ತೀರ್ಮಾನಿಸಬೇಡಿ. ಕುಡಿದವನ ತಲೆಯಲ್ಲೂ ರಕ್ತ ಸೋರುತ್ತದೆ. ಬಿದ್ದ ಹೊತ್ತು, ಪ್ರಜ್ಞೆ ತಪ್ಪಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಜೊತೆಯಲ್ಲಿ ಕಳಿಸಿ. ವೈದ್ಯರಿಗೆ ಅದಕ್ಕಿಂತ ಬೆಲೆಬಾಳುವ ಚೀಟಿ ಇನ್ನೊಂದಿಲ್ಲ.

ಪೊಲೀಸ್, ಕೋರ್ಟು ಎಂಬ ಭಯ ಇನ್ನೂ ಕೆಲವರಿಗಿದೆ. ಸುಪ್ರೀಂ ಕೋರ್ಟು 2016ರಲ್ಲಿಯೇ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ಅದನ್ನೇ ಕಾನೂನಾಗಿಸಿತು. ಖರ್ಚಿನ ಚಿಂತೆಗೂ ಸ್ವಲ್ಪ ಆಸರೆಯಿದೆ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಇಷ್ಟೆಲ್ಲ ಶಸ್ತ್ರಚಿಕಿತ್ಸೆ, ಸ್ಕ್ಯಾನ್, ಯೋಜನೆಗಳಿಗಿಂತ ಅಗ್ಗವಾದದ್ದು ಹೆಲ್ಮೆಟ್. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ ಅದು ಬೈಕ್ ಸವಾರರ ತಲೆಪೆಟ್ಟನ್ನು ಶೇ. 69ರಷ್ಟು, ಸಾವನ್ನು ಶೇ. 42ರಷ್ಟು ಕಡಿಮೆ ಮಾಡುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಧರಿಸದಿದ್ದವರು 50,029 ಎಂದು ಸರ್ಕಾರದ ವರದಿಯೇ ಹೇಳುತ್ತದೆ. ಈ ಐವತ್ತು ಸಾವಿರದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಂದೆ ಕುಳಿತವರು. ಹಿಂಬದಿಯ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ 2016ರಿಂದ ಜಾರಿಯಿದೆ. ಆದರೂ ಸೀರೆಯ ಸೆರಗನ್ನು ತಲೆಗೆ ಹೊದ್ದು, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕುಳಿತ ತಾಯಿಯನ್ನು ನಾನು ದಿನವೂ ಬಸ್ ನಿಲ್ದಾಣದ ಬಳಿ ನೋಡುತ್ತೇನೆ.

ಮುಂದಿನ ಸಲ ಪೇಟೆಗೆ ಹೋದಾಗ ಎರಡನೆಯ ಹೆಲ್ಮೆಟ್ ಒಂದನ್ನು ತನ್ನಿ. ಐ.ಎಸ್.ಐ. ಗುರುತು ಇದೆಯೇ ನೋಡಿ, ಗದ್ದದ ಪಟ್ಟಿಯನ್ನು ಬಿಗಿದು ಬೆರಳೊಂದೇ ತೂರುವಷ್ಟು ಸಡಿಲವಿದೆಯೇ ಪರೀಕ್ಷಿಸಿ. ಪಟ್ಟಿ ಹಾಕದ ಹೆಲ್ಮೆಟ್ ತಲೆಗಿಂತ ಮೊದಲು ರಸ್ತೆಗೆ ಉರುಳುತ್ತದೆ. ಮನೆಗೆ ಬಂದ ಮೇಲೆ ಗೋಡೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ದೊಡ್ಡ ಅಕ್ಷರದಲ್ಲಿ 108 ಎಂದು ಬರೆದಿಡಿ.